ಹಿರಿಯರ ಕೈಗೆ ನಾವು ಏನನ್ನು ಒಯ್ಯಬೇಕು?

ಪ್ರತಿ ವರ್ಷ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ನಮ್ಮ ಮನೆಗೊಂದು ದೂರವಾಣಿ ಕರೆ ಬರುತ್ತದೆ. ಜನವರಿ 1ರಂದು ನಿಮ್ಮ ಫೂಫಿಯವರ ಹುಟ್ಟುಹಬ್ಬ, ಮಧ್ಯಾಹ್ನದ ಊಟಕ್ಕೆ ಮೊದಲು ಬನ್ನಿ ಎಂದು ಅವರಿರುವ ವೃದ್ಧಾಶ್ರಮದ ಮೇಲ್ವಿಚಾರಕಿ ತಿಳಿಸುತ್ತಾರೆ. ನಮ್ಮ ತಂದೆಯ ಸಹೋದರಿಯಾದ ಈ ಫೂಫಿ ಹುಟ್ಟಿದ ದಿನ ಯಾವುದೆಂಬುದು ವಾಸ್ತವದಲ್ಲಿ ಯಾರಿಗೂ ತಿಳಿಯದು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ರಂಝಾನ್ ಮುಗಿದು ಈದ್ ಕಳೆದಿತ್ತು, ಮಳೆ ಇನ್ನೂ ನಿಂತಿರಲಿಲ್ಲ ಎಂದು ನಮ್ಮ ದಾದಿ ಹೇಳುತ್ತಿದ್ದರಂತೆ. ಆ ಲೆಕ್ಕದಲ್ಲಿ ಅದು 1947ರ ಆಗಸ್ಟ್ ತಿಂಗಳ ಕೊನೆಯಿರಬೇಕು. ಆದರೆ ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದೆ. ಆ ಆಶ್ರಮದ ಹಿರಿಯರ ಪೈಕಿ ಇನ್ನೂ ಆರೇಳು ಮಂದಿ ಅದೇ ದಿನ ಹುಟ್ಟಿದವರು! ಹುಟ್ಟಿದ ದಿನಾಂಕವನ್ನು ಯಾರೂ ಬರೆದಿಡದ ಒಂದು ತಲೆಮಾರಿಗೆ ದಾಖಲೆಗಳು ದಯಪಾಲಿಸಿದ ದಿನವದು.

ಕರೆ ಬಂದ ಕೂಡಲೇ ನಮ್ಮ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ. ಏನನ್ನು ಒಯ್ಯುವುದು? ಶಾಲೆಯೇ? ಖರ್ಜೂರವೇ? ಹಣ್ಣಿನ ಬುಟ್ಟಿಯೇ? ಹತ್ತು ನಿಮಿಷಗಳ ಈ ಚರ್ಚೆಯ ಬಳಿಕ ಯಾರಾದರೊಬ್ಬರು ಪೇಟೆಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತರುತ್ತಾರೆ. ಇದು ನಮ್ಮೊಂದು ಮನೆಯ ಕತೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಕೆಲವು ವರ್ಷಗಳ ಹಿಂದಿನವರೆಗೂ ನಾವು, ವೃದ್ಧಾಶ್ರಮ ನಮ್ಮವರಿಗೆ ಸಂಬಂಧಿಸಿದ್ದಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಇಂದು ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಆ ಹೆಮ್ಮೆ ಉಳಿದಿಲ್ಲ. ಮಕ್ಕಳು ಗಲ್ಫ್‌ನಲ್ಲಿದ್ದಾರೆ ಅಥವಾ ಬೆಂಗಳೂರಿನಲ್ಲಿದ್ದಾರೆ. ಮನೆಗಳು ಚಿಕ್ಕದಾಗಿವೆ, ಆಯುಷ್ಯ ದೀರ್ಘವಾಗಿದೆ. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಗಿಂತ ಹೆಚ್ಚಿತ್ತು. ಅವರಲ್ಲಿ ನಮ್ಮವರೂ ಇದ್ದಾರೆ. ಆಶ್ರಮಗಳ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳೂ ಕಾಣಿಸಿಕೊಳ್ಳುತ್ತಿವೆ. ಈ ವಾಸ್ತವದ ಮುಂದೆ ಕಣ್ಣು ಮುಚ್ಚಿಕೊಳ್ಳುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಜನ್ಮದಿನದ ಆಚರಣೆಯ ಕುರಿತು ವಿದ್ವಾಂಸರ ನಡುವೆ ಇರುವ ಚರ್ಚೆಗೆ ನಾವು ಇಲ್ಲಿ ಪ್ರವೇಶಿಸುವುದಿಲ್ಲ. ಉಡುಗೊರೆಗೆ ದಿನಾಂಕದ ಹಂಗಿಲ್ಲ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ನೆರೆಯಾಕೆ ಕಳುಹಿಸಿದ್ದು ಆಡಿನ ಒಂದು ಗೊರಸೇ ಆಗಿದ್ದರೂ ಅದನ್ನು ತುಚ್ಛವಾಗಿ ಕಾಣಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅವರು ಉಡುಗೊರೆಯನ್ನು ಸ್ವೀಕರಿಸುತ್ತಿದ್ದರು ಮತ್ತು ಅದಕ್ಕೆ ಪ್ರತಿಯಾಗಿ ತಾವೂ ಏನನ್ನಾದರೂ ಕೊಡುತ್ತಿದ್ದರು ಎಂದು ಹ. ಆಯಿಶಾ(ರ) ವರದಿ ಮಾಡಿರುವುದನ್ನು ಬುಖಾರಿ ಗ್ರಂಥದಲ್ಲಿ ಕಾಣಬಹುದು. ಈ ವರದಿಯ ಮೊದಲ ಭಾಗವನ್ನು ನಾವೆಲ್ಲರೂ ಬಲ್ಲೆವು. ಎರಡನೆಯ ಭಾಗ ನಮಗೆ ಅರ್ಥವಾದದ್ದು ಫೂಫಿಯಿಂದ.

ಫೂಫಿಗೆ ಮಕ್ಕಳಿಲ್ಲ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಪತಿ ತೀರಿಕೊಂಡರು. ತವರಿಗೆ ಮರಳಿದವರು ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರವನ್ನಿಟ್ಟುಕೊಂಡು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದರು. ನಮ್ಮ ಕೇರಿಯ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ಕಾಜಾ ಮಾಡುವುದನ್ನೂ ಹೆಮ್ಮಿಂಗ್ ಹಾಕುವುದನ್ನೂ ಕಲಿತದ್ದು ಅವರ ಬಳಿ. ಈದ್ ಹತ್ತಿರವಾದರೆ ಬಡವರ ಮಕ್ಕಳ ಬಟ್ಟೆಯ ಕೂಲಿಯನ್ನು ಅವರು ಕೇಳುತ್ತಿರಲಿಲ್ಲ. ನಮ್ಮ ಬಾಲ್ಯದ ಈದಿಯಲ್ಲಿ ಹೊಚ್ಚ ಹೊಸ ನೋಟು ಬರುತ್ತಿದ್ದುದು ಅವರ ಕೈಯಿಂದಲೇ. ಹೀಗೆ ಕೊಡುತ್ತಲೇ ಬಂದ ಅವರು ಸ್ನಾನಗೃಹದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು. ಆದರೆ ಎಬ್ಬಿಸಿ ಕೂರಿಸಲು ಇಬ್ಬರ ಸಹಾಯ ಬೇಕಾಯಿತು. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮೂವತ್ತು ಕಿಲೋಮೀಟರ್ ದೂರದ ಆಶ್ರಮಕ್ಕೆ ಸೇರಿಸುವ ಮಾತೆತ್ತಿದಾಗ ಫೂಫಿ ಒಪ್ಪಿದರು. ಒಪ್ಪದಿರುವುದಕ್ಕೆ ಬೇರೆ ದಾರಿಯನ್ನು ನಾವು ಉಳಿಸಿಯೂ ಇರಲಿಲ್ಲ.

ಮೊದಲ ವರ್ಷ ನಾವು ಬೆಲೆಬಾಳುವ ಒಂದು ಉಣ್ಣೆಯ ಶಾಲು ಒಯ್ದೆವು. ಫೋಟೋ ತೆಗೆದೆವು, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆವು. ಎರಡು ತಿಂಗಳ ಬಳಿಕ ಹೋದಾಗ ಆ ಶಾಲು ಅಲ್ಲಿನ ಸಹಾಯಕಿಯೊಬ್ಬರ ಹೆಗಲ ಮೇಲಿತ್ತು. ನಾವು ವಿಚಾರಿಸದೆಯೇ ತೀರ್ಮಾನಕ್ಕೆ ಬಂದೆವು. ಮೇಲ್ವಿಚಾರಕಿಯ ಕೊಠಡಿಗೆ ಹೋಗಿ ಧ್ವನಿ ಏರಿಸಿ ಮಾತನಾಡಿದೆವು. ಆ ಬಡ ಹೆಣ್ಣುಮಗಳು ಕಣ್ಣೀರು ಹಾಕಿಕೊಂಡು ನಿಂತಳು. ಗದ್ದಲ ಕೇಳಿ ಫೂಫಿ ನಮ್ಮನ್ನು ಕರೆಸಿದರು. "ಶಾಲು ಕೊಟ್ಟದ್ದು ನಾನು. ಅವಳ ಮಗಳ ಮದುವೆ ಇತ್ತು. ದಿನಕ್ಕೆರಡು ಸಲ ನನ್ನನ್ನು ತೊಳೆದು ಒರೆಸುವವಳಿಗೆ ನಾನು ಬರಿಗೈಯಲ್ಲಿ ದುವಾ ಮಾತ್ರ ಮಾಡಬೇಕೇನು ಬೇಟಾ? ನನಗೂ ಏನಾದರೂ ಕೊಡಬೇಕು ಅನಿಸುವುದಿಲ್ಲವೇ?" ಎಂದರು. ನಾವು ಆ ಸಹಾಯಕಿಯ ಕ್ಷಮೆ ಕೇಳಿದೆವು. ಆದರೆ ಫೂಫಿಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆಶ್ರಮದ ಒಂದು ದಿನವನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಚಹಾ ಕೊಡುತ್ತಾರೆ, ಮಾತ್ರೆ ಕೊಡುತ್ತಾರೆ, ಸ್ನಾನ ಮಾಡಿಸುತ್ತಾರೆ, ಊಟ ಬಡಿಸುತ್ತಾರೆ, ರಾತ್ರಿ ದೀಪ ಆರಿಸುತ್ತಾರೆ. ಅಲ್ಲಿರುವ ಹಿರಿಯರು ದಿನವಿಡೀ ಪಡೆಯುವವರೇ ಆಗಿರುತ್ತಾರೆ. ಕೆಳಗಿರುವ ಕೈಗಿಂತ ಮೇಲಿರುವ ಕೈ ಉತ್ತಮ, ಅಂದರೆ ಪಡೆಯುವ ಕೈಗಿಂತ ಕೊಡುವ ಕೈ ಮೇಲು ಎಂದು ಪ್ರವಾದಿ(ಸ)ರು ಹೇಳಿರುವುದನ್ನು ನಾವು ಝಕಾತ್ ಸಂಗ್ರಹದ ಸಭೆಗಳಲ್ಲಿ ಪದೇಪದೇ ಉಲ್ಲೇಖಿಸುತ್ತೇವೆ. ಆದರೆ ಎಪ್ಪತ್ತು ವರ್ಷ ಮೇಲಿದ್ದ ಒಂದು ಕೈಯನ್ನು ಒಮ್ಮೆಲೇ ಕೆಳಗಿಳಿಸಿದಾಗ ಆ ಕೈಗೆ ಏನನಿಸುತ್ತದೆ ಎಂದು ಯೋಚಿಸಿದ್ದೇವೆಯೇ? ಅಂಥವರ ಮುಂದೆ ನಾವು ಮತ್ತೊಂದು ಪೊಟ್ಟಣವನ್ನಿಟ್ಟು, ಮತ್ತೊಮ್ಮೆ ಅವರನ್ನು ಪಡೆಯುವವರನ್ನಾಗಿಸಿ, ಅದನ್ನೇ ಪ್ರೀತಿಯೆಂದು ಭಾವಿಸಿ ಹಿಂತಿರುಗುತ್ತೇವೆ.

ಹಾಗೆಂದು ವಸ್ತುಗಳನ್ನು ಒಯ್ಯಬಾರದೆಂದಲ್ಲ. ಒಯ್ಯುವ ಮೊದಲು ವಿಚಾರಿಸಬೇಕು ಎಂಬುದಷ್ಟೇ ನಮ್ಮ ಮೊದಲ ಮಾತು. ನಮ್ಮಲ್ಲಿ ಹಿರಿಯರ ಭೇಟಿಗೆ ಸಿಹಿತಿಂಡಿ, ಖರ್ಜೂರ, ಎಳನೀರು, ಬಾಳೆಹಣ್ಣು ಒಯ್ಯುವ ರೂಢಿಯಿದೆ. ಭಾರತದಲ್ಲಿ ಮಧುಮೇಹ ಇರುವವರ ಸಂಖ್ಯೆ 10 ಕೋಟಿ ದಾಟಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. ಖರ್ಜೂರ ಪುಣ್ಯದ ಹಣ್ಣಾದರೂ ಅದರಲ್ಲಿ ಸಕ್ಕರೆ ಹೇರಳವಾಗಿದೆ. ಎಳನೀರು, ಬಾಳೆಹಣ್ಣುಗಳಲ್ಲಿ ಪೊಟ್ಯಾಸಿಯಮ್ ಅಧಿಕವಿದ್ದು, ಮೂತ್ರಪಿಂಡ ದುರ್ಬಲವಾದವರಲ್ಲಿ ಅದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಹಲವರಿಗೆ ನುಂಗುವುದು ಕಷ್ಟ. ಪ್ರೀತಿಯಿಂದ ಬಾಯಿಗಿಟ್ಟ ಒಂದು ಗೋಡಂಬಿ ಶ್ವಾಸನಾಳಕ್ಕೆ ಹೋಗಬಹುದು. ಆಶ್ರಮದ ದಾದಿಯರಿಗೆ ಒಂದು ಕರೆ ಮಾಡಿ ಕೇಳಿದರೆ ಇವೆಲ್ಲವೂ ತಿಳಿಯುತ್ತದೆ. ನಾವು ಕೇಳುವುದಿಲ್ಲ, ಏಕೆಂದರೆ ಉಡುಗೊರೆಯನ್ನು ಆರಿಸುವಾಗ ನಮ್ಮ ಗಮನ ಪಡೆಯುವವರ ಮೇಲಿರುವುದಿಲ್ಲ.

ಬಟ್ಟೆಯ ವಿಷಯವೂ ಹೀಗೆಯೇ. ಆಶ್ರಮಗಳಲ್ಲಿ ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ಒಗೆಯುತ್ತಾರೆ. ರೇಷ್ಮೆ, ಉಣ್ಣೆಗಳು ಅಲ್ಲಿ ಎರಡು ಒಗೆತಕ್ಕೆ ಹಾಳಾಗುತ್ತವೆ ಅಥವಾ ಇನ್ನೊಬ್ಬರ ಕಪಾಟು ಸೇರುತ್ತವೆ. ಒಳಭಾಗದಲ್ಲಿ ಹೆಸರು ಹೊಲಿದಿರುವ, ಮುಂದೆ ತೆರೆಯುವ, ದೊಡ್ಡ ಗುಂಡಿಗಳಿರುವ, ಕಾಲಿಗೆ ತೊಡರದಷ್ಟು ಉದ್ದದ ಹತ್ತಿಯ ಉಡುಪು ಸಂಧಿವಾತದ ಕೈಗಳಿಗೆ ನೆಮ್ಮದಿ ನೀಡುತ್ತದೆ. ಸಡಿಲವಾದ, ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿಯನ್ನು ಎಂದಿಗೂ ಒಯ್ಯಬೇಡಿ. ಜಾರದ ಅಡಿಯಿರುವ, ಹಿಂಬದಿ ಪಟ್ಟಿಯಿರುವ ಚಪ್ಪಲಿಯನ್ನು, ಅದೂ ಸಂಜೆಯ ಹೊತ್ತು ಪಾದ ಊದಿಕೊಂಡಿರುವಾಗ ಅಳತೆ ತೆಗೆದುಕೊಂಡು ತನ್ನಿ. ಒಂದು ಬೀಳುವಿಕೆ ಒಬ್ಬರ ಬದುಕನ್ನು ಹೇಗೆ ಬದಲಿಸಬಲ್ಲದೆಂಬುದಕ್ಕೆ ನಮ್ಮ ಫೂಫಿಯೇ ಸಾಕ್ಷಿ.

ಇನ್ನು ಕೆಲವು ಉಡುಗೊರೆಗಳಿಗೆ ಹಣವೇ ಬೇಡ. ಅವರ ಕನ್ನಡಕದ ಗಾಜನ್ನು ಒರೆಸಿಕೊಡಿ. ಶ್ರವಣ ಸಾಧನದ ಬ್ಯಾಟರಿ ಮುಗಿದಿದೆಯೇ ಎಂದು ನೋಡಿ. ವಯಸ್ಸಾದಂತೆ ಮೊದಲು ಕುಗ್ಗುವುದು ಏರುದನಿಯ ಶಬ್ದಗಳನ್ನು ಕೇಳುವ ಶಕ್ತಿ. ಆದುದರಿಂದಲೇ ಮಕ್ಕಳ ಮಾತು ಅವರಿಗೆ ತಿಳಿಯುವುದಿಲ್ಲ. ಕಿರುಚಿದರೆ ಪ್ರಯೋಜನವಿಲ್ಲ. ಎದುರಿಗೆ ಕುಳಿತು, ಮುಖ ಕಾಣುವಂತೆ, ತಗ್ಗಿದ ದನಿಯಲ್ಲಿ ನಿಧಾನವಾಗಿ ಮಾತನಾಡಬೇಕು. ಮರೆವಿನ ಕಾಯಿಲೆ ಇರುವವರ ಮುಂದೆ ನಿಂತು, "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡುವವರನ್ನು ನಾವು ಕಂಡಿದ್ದೇವೆ. ಅದು ಹಿರಿಯರಿಗೆ ಮಾಡುವ ಅವಮಾನ. ನಮ್ಮ ಹೆಸರನ್ನು ನಾವೇ ಹೇಳಿಕೊಂಡು, ಹಳೆಯ ಫೋಟೋಗಳಿರುವ ಒಂದು ಆಲ್ಬಮ್ ತೆರೆದು, ಪ್ರತಿ ಫೋಟೋದ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದುಕೊಟ್ಟರೆ ಅದನ್ನು ಮೀರಿದ ಉಡುಗೊರೆ ಅವರಿಗೆ ಇನ್ನೊಂದಿಲ್ಲ.

ನಮ್ಮವರೇ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಫೂಫಿಯ ಕೊಠಡಿ ಬದಲಾದ ಮೇಲೆ ಅವರು ಕಿಬ್ಲಾದ ದಿಕ್ಕು ತಿಳಿಯದೆ ವಾರಗಟ್ಟಲೆ ಕಿಟಕಿಯ ಕಡೆಗೆ, ಅಂದರೆ ಪೂರ್ವಕ್ಕೆ ಮುಖಮಾಡಿ ನಮಾಝ್ ಮಾಡುತ್ತಿದ್ದರೆಂಬುದು ನಮಗೆ ತಿಳಿದಾಗ ನಾಚಿಕೆಯಾಯಿತು. ಪ್ರತಿ ತಿಂಗಳು ಹೋಗುತ್ತಿದ್ದ ನಾವು ಒಮ್ಮೆಯೂ ಕೇಳಿರಲಿಲ್ಲ. ಮೇಲ್ವಿಚಾರಕಿ ಮುಸ್ಲಿಮರಲ್ಲ. ನಾವು ಸಂಕೋಚದಿಂದ ವಿಷಯ ತಿಳಿಸಿದಾಗ ಅವರೇ ಗೋಡೆಗೆ ಒಂದು ಬಾಣದ ಗುರುತು ಅಂಟಿಸಿದರು, "ಮೊದಲೇ ಹೇಳಬಾರದಿತ್ತೇ?" ಎಂದು ಆಕ್ಷೇಪಿಸಿದರು. ನಿಂತು ಸಾಧ್ಯವಿಲ್ಲದಿದ್ದರೆ ಕುಳಿತು, ಅದೂ ಸಾಧ್ಯವಿಲ್ಲದಿದ್ದರೆ ಮಲಗಿಯೇ ನಮಾಝ್ ನಿರ್ವಹಿಸುವಂತೆ ಪ್ರವಾದಿ(ಸ)ರು ಅಸ್ವಸ್ಥರಾಗಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಹೇಳಿದ್ದರು. ನೀರು ಮುಟ್ಟಲಾಗದ ರೋಗಿಗೆ ತಯಮ್ಮುಮ್‌ನ ಅನುಮತಿಯಿದೆ. ಇದನ್ನು ಹಿರಿಯರಿಗೆ ತಾಳ್ಮೆಯಿಂದ ತಿಳಿಸಿಕೊಡುವುದು, ಶುದ್ಧ ಮಣ್ಣಿನ ಒಂದು ಬಿಲ್ಲೆ, ದಪ್ಪ ಅಕ್ಷರದ ಮುಸ್‌ಹಫ್, ಬೆರಳಿಗೆ ಸಿಗುವಂತಹ ದೊಡ್ಡ ಮಣಿಗಳ ತಸ್ಬೀಹ್, ನಮಾಝ್‌ನ ವೇಳಾಪಟ್ಟಿ ಒದಗಿಸುವುದು ಅಂಗಡಿಯ ಯಾವ ಶಾಲಿಗಿಂತಲೂ ಮಿಗಿಲಲ್ಲವೇ?

ಎರಡನೆಯ ವರ್ಷ ನಾವು ಫೂಫಿಯನ್ನೇ ಕೇಳಿದೆವು. ಅವರು ಕೇಳಿದ್ದು ಸೂಜಿ, ಬಣ್ಣ ಬಣ್ಣದ ದಾರದ ರೀಲುಗಳು, ಒಂದು ಡಬ್ಬಿ ತುಂಬ ಗುಂಡಿಗಳು. ಮರೆವಿನ ಕಾಯಿಲೆಯವರೂ ಇರುವಲ್ಲಿ ಸೂಜಿ, ಕತ್ತರಿ ಇಡುವಂತಿಲ್ಲ ಎಂದು ಆಶ್ರಮದವರು ಆಕ್ಷೇಪಿಸಿದರು. ಅದು ನ್ಯಾಯವೇ ಆಗಿತ್ತು. ಕೊನೆಗೆ ಪೆಟ್ಟಿಗೆ ದಾದಿಯರ ಕೋಣೆಯಲ್ಲಿರುವುದು, ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಫೂಫಿಯ ಮೇಜಿಗೆ ಬರುವುದು, ಹಿಂತಿರುಗಿಸುವಾಗ ಸೂಜಿಗಳನ್ನು ಎಣಿಸುವುದು ಎಂದಾಯಿತು. ಒಂದು ತಿಂಗಳೊಳಗೆ ಇಡೀ ಆಶ್ರಮದ ಕಿತ್ತುಹೋದ ಗುಂಡಿಗಳು ಅವರ ಮೇಜಿಗೆ ಬರತೊಡಗಿದವು. ಸಹಾಯಕಿಯರ ಮಕ್ಕಳ ಶಾಲಾ ಸಮವಸ್ತ್ರಗಳೂ ಬಂದವು. ಅದುವರೆಗೆ ನಾಲ್ಕು ಗಂಟೆಗೇ ಮಲಗಿಬಿಡುತ್ತಿದ್ದ ಫೂಫಿ ಮರುದಿನದ ಕೆಲಸದ ಲೆಕ್ಕ ಹಾಕುತ್ತ ಕುಳಿತಿರುತ್ತಿದ್ದರು. ಪೆಟ್ಟಿಗೆಗೆ ನಾವು ಖರ್ಚು ಮಾಡಿದ್ದು ಶಾಲಿನ ಬೆಲೆಯ ಹತ್ತನೆಯ ಒಂದು ಭಾಗ.

ಇಲ್ಲಿಗೆ ಈ ಲೇಖನವನ್ನು ಮುಗಿಸಿದ್ದರೆ ಓದಲು ಹಿತವಾಗಿರುತ್ತಿತ್ತು. ಆದರೆ ಆ ಹೊಲಿಗೆಯ ಮೇಜಿನ ಮುಂದೆ ಕುಳಿತಿದ್ದಾಗ ಒಂದು ದಿನ ಫೂಫಿ ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕಾಗಿದೆ. ನಮ್ಮ ಮಡದಿಯ ಸೀರೆಯ ಅಂಚನ್ನು ಮುಟ್ಟಿ ನೋಡುತ್ತ ಅವರು, "ನಿಮ್ಮ ಅಬ್ಬಾ ನನಗೂ ಇಂಥದೇ ಹಸಿರು ಸೀರೆ ತಂದುಕೊಟ್ಟಿದ್ದರು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದ ದಿನ" ಎಂದರು. ದೂರುವ ಧ್ವನಿಯಲ್ಲಿ ಹೇಳಿದ್ದಲ್ಲ, ಅಂಚಿನ ಬಣ್ಣ ನೆನಪಾಗಿ ಹೇಳಿದ್ದು. ನಲವತ್ತು ವರ್ಷಗಳ ಹಿಂದೆ, ದಾದಾ ದಾದಿ ಇಬ್ಬರೂ ತೀರಿಕೊಂಡ ಮೇಲೆ, ನಾವೀಗ ವಾಸಿಸುತ್ತಿರುವ ಮನೆ ಮತ್ತು ಅದರ ಮುಂದಿನ ಅಂಗಡಿಯ ಮೇಲಿನ ಹಕ್ಕು ಬಿಡುಗಡೆ ಪತ್ರಕ್ಕೆ ಅವರು ಸಹಿ ಹಾಕಿದ್ದರು. ಪ್ರತಿಯಾಗಿ ಸಿಕ್ಕಿದ್ದು ಒಂದು ಸೀರೆ ಮತ್ತು ಹೋಟೆಲಿನ ಒಂದು ಊಟ. ಅಂದು ಅದನ್ನು ಯಾರೂ ವಂಚನೆಯೆಂದು ಭಾವಿಸಿರಲಿಲ್ಲ. ಕುಟುಂಬದ ಪಾಲಿಗೆ ಅದು ಅಣ್ಣ ತಂಗಿಗೆ ಕೊಟ್ಟ ಉಡುಗೊರೆ!

ತಂದೆ ತಾಯಿ ಬಿಟ್ಟುಹೋದ ಸೊತ್ತಿನಲ್ಲಿ, ಅದು ಅಲ್ಪವಿರಲಿ ಅಧಿಕವಿರಲಿ, ಪುರುಷರಂತೆಯೇ ಸ್ತ್ರೀಯರಿಗೂ ನಿಶ್ಚಿತ ಪಾಲಿದೆಯೆಂದು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದ 7ನೇ ವಚನದಲ್ಲಿ ಸಾರುತ್ತದೆ. 11ನೇ ವಚನ ಪಾಲಿನ ಪ್ರಮಾಣವನ್ನೂ ಹೇಳುತ್ತದೆ. ಮುಂದಿನ ವಚನಗಳು ಇವು ಅಲ್ಲಾಹನು ನಿಶ್ಚಯಿಸಿದ ಮೇರೆಗಳೆಂದೂ ಅವನ್ನು ಮೀರುವವರಿಗೆ ಕಠಿಣ ಶಿಕ್ಷೆಯಿದೆಯೆಂದೂ ಎಚ್ಚರಿಸುತ್ತವೆ. ಒಬ್ಬ ಅಣ್ಣ, ಒಬ್ಬಳು ತಂಗಿ ಮಾತ್ರ ವಾರಸುದಾರರಾಗಿದ್ದಲ್ಲಿ ಮೂರರಲ್ಲಿ ಒಂದು ಪಾಲು ತಂಗಿಯದು. ಅದು ಅಣ್ಣನ ಔದಾರ್ಯವಲ್ಲ. ಆದರೆ ನಮ್ಮಲ್ಲಿ ನಡೆಯುವುದೇನು? ಮದುವೆಗೆ ಖರ್ಚು ಮಾಡಿದ್ದೇವಲ್ಲ ಎನ್ನುತ್ತೇವೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯವನ್ನು ಬಿತ್ತುತ್ತೇವೆ. ಆಮೇಲೆ ಅವಳೇ ಮಾಫ್ ಮಾಡಿದಳು ಎಂದು ಹೇಳಿಕೊಂಡು ತಿರುಗುತ್ತೇವೆ. ಮಹ್ರ್‌ನ ವಿಷಯದಲ್ಲಿ ಕೂಡ, ಅದನ್ನು ಪತ್ನಿಗೆ ಕೊಟ್ಟುಬಿಡಬೇಕೆಂದೂ ಆಕೆ ಮನಃಪೂರ್ವಕವಾಗಿ ಏನನ್ನಾದರೂ ಬಿಟ್ಟುಕೊಟ್ಟರೆ ಮಾತ್ರ ಅನುಭವಿಸಬಹುದೆಂದೂ ಕುರ್‌ಆನ್ ಷರತ್ತು ವಿಧಿಸಿದೆ. ಕೈಗೇ ಬಾರದ ಪಾಲನ್ನು, ವಿಧವೆಯಾಗಿ ಅಣ್ಣನ ಸೂರಿನಡಿ ನಿಂತವಳು ಬಿಟ್ಟುಕೊಟ್ಟರೆ ಅದನ್ನು ಮನಃಪೂರ್ವಕ ಎನ್ನಬಹುದೇ? ನೋಂದಣಿ ಕಚೇರಿಯ ಮುದ್ರೆ ನ್ಯಾಯಾಲಯಕ್ಕೆ ಸಾಕಾಗಬಹುದು. ನಾಳೆ ನಾವು ನಿಲ್ಲಬೇಕಾದ ನ್ಯಾಯಾಲಯಕ್ಕೆ ಸಾಕಾದೀತೇ?

ಆ ರಾತ್ರಿ ನಾವು ಲೆಕ್ಕ ಹಾಕಿದೆವು. ಆಶ್ರಮಕ್ಕೆ ಪ್ರತಿ ತಿಂಗಳು ನಾವು ಕಟ್ಟುವ ಹಣವನ್ನು ಫೂಫಿಗೆ ಮಾಡುತ್ತಿರುವ ಉಪಕಾರವೆಂದೇ ಎಣಿಸಿದ್ದೆವು. ಬಂಧುಗಳೂ ನಮ್ಮನ್ನು ಹೊಗಳುತ್ತಿದ್ದರು. ಅಂಗಡಿಯ ಬಾಡಿಗೆಯ ಮೂರನೆಯ ಒಂದು ಭಾಗವನ್ನು ಲೆಕ್ಕ ಹಾಕಿದಾಗ ಅದು ಹೆಚ್ಚುಕಡಿಮೆ ಆಶ್ರಮದ ಮಾಸಿಕ ಶುಲ್ಕಕ್ಕೆ ಸಮನಾಗಿತ್ತು. ಅಂದರೆ ಇಷ್ಟು ದಿನ ಅವರದೇ ಹಣದಿಂದ ಅವರನ್ನು ಸಾಕಿ, ಅದಕ್ಕೆ ಅವರಿಂದಲೇ ದುವಾ ಪಡೆಯುತ್ತಿದ್ದೆವು. ಅವರದೇ ಹಣದಿಂದ ಶಾಲು ಕೊಂಡು, ಅದನ್ನು ಅವರು ಇನ್ನೊಬ್ಬರಿಗೆ ಕೊಟ್ಟದ್ದಕ್ಕೆ ಗದ್ದಲವೆಬ್ಬಿಸಿದ್ದೆವು.

ಈ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಹೊಂದಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರು, ಸಾಮರ್ಥ್ಯವಿದ್ದರೆ, ಅವರನ್ನು ಪೋಷಿಸಬೇಕು. ಹಿರಿಯರನ್ನು ಹೊಣೆ ಹೊತ್ತವರೇ ತೊರೆದುಬಿಟ್ಟರೆ 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂ.ವರೆಗಿನ ದಂಡ ಅಥವಾ ಎರಡೂ ಇವೆ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡು ಕೈಬಿಟ್ಟರೆ ಅದನ್ನು ರದ್ದುಪಡಿಸಲು ನ್ಯಾಯಮಂಡಳಿಯನ್ನು ಕೋರಬಹುದು. ಆದರೆ ಅಂತಹ ಷರತ್ತು ಇದ್ದುದು ಸಾಬೀತಾಗಬೇಕೆಂದು ಸುಪ್ರೀಮ್ ಕೋರ್ಟ್ 2022ರಲ್ಲಿ ಹೇಳಿತು. ಮನೆಯನ್ನು ಮಕ್ಕಳಿಗೆ ಬರೆದುಕೊಡಲು ಹೊರಟಿರುವ ಹಿರಿಯರು ಮೊದಲು ವಕೀಲರನ್ನೂ ವಿದ್ವಾಂಸರನ್ನೂ ಕಂಡು ಮಾತನಾಡುವುದು ಒಳಿತು. 2021ರಲ್ಲಿ ಆರಂಭವಾದ 14567 ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ನಮ್ಮ ಮಸೀದಿಗಳ ಸೂಚನಾಫಲಕದಲ್ಲಿ ಬರೆದಿಡುವುದಕ್ಕೆ ಹಣ ಖರ್ಚಾಗದು.

ಸರಕಾರಗಳ ಹೊಣೆಗಾರಿಕೆಯನ್ನೂ ಇಲ್ಲಿ ಪ್ರಶ್ನಿಸಬೇಕಾಗಿದೆ. ಅದೇ ಕಾಯ್ದೆ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗಾಗುವಂತಹ ಒಂದು ಆಶ್ರಮದ ಮಾತನ್ನಾಡುತ್ತದೆ. ಆದರೆ ರಾಜ್ಯ ಸರಕಾರ ಅದನ್ನು ಸ್ಥಾಪಿಸಬಹುದು ಎಂದಿದೆಯೇ ಹೊರತು ಸ್ಥಾಪಿಸಲೇಬೇಕು ಎಂದಿಲ್ಲ. ಮಕ್ಕಳಿಗೆ ಕಡ್ಡಾಯವಾದದ್ದು ಸರಕಾರಕ್ಕೆ ಐಚ್ಛಿಕವಾಯಿತು. ಬಡ ಹಿರಿಯರ ಪಿಂಚಣಿಗೆ ಕೇಂದ್ರ ಸರಕಾರ ನೀಡುವ ಪಾಲು 2007ರಲ್ಲಿ ತಿಂಗಳಿಗೆ 200 ರೂ. ಆಗಿತ್ತು. 80 ದಾಟಿದವರಿಗೆ 2011ರಲ್ಲಿ 500 ರೂ. ಮಾಡಿದ್ದನ್ನು ಬಿಟ್ಟರೆ ಮುಂದೆ ವರ್ಷಗಟ್ಟಲೆ ಅದು ಕದಲಲಿಲ್ಲ. ಹಿರಿಯರ ಗೌರವದ ಬಗ್ಗೆ ವೇದಿಕೆಗಳಲ್ಲಿ ಮಾತನಾಡುವ ಪಕ್ಷಗಳು ಈ 200 ರೂ.ಗಳಲ್ಲಿ ಒಬ್ಬ ಅಜ್ಜಿ ತಿಂಗಳಲ್ಲಿ ಎಷ್ಟು ಮಾತ್ರೆ ಕೊಳ್ಳಬಹುದೆಂದು ಹೇಳಬೇಕಾಗಿದೆ. ಆದರೆ ಸರಕಾರದತ್ತ ಬೊಟ್ಟು ಮಾಡುವ ನಮ್ಮ ಮನೆಯೊಳಗೆ ಒಬ್ಬಾಕೆಯ ಮೂರನೆಯ ಒಂದು ಪಾಲು ನಲವತ್ತು ವರ್ಷಗಳಿಂದ ಅಡಗಿ ಕುಳಿತಿರುವಾಗ ಆ ಬೊಟ್ಟಿಗೆ ಎಷ್ಟು ನೈತಿಕ ಬಲವಿದ್ದೀತು?

ವೃದ್ಧಾಶ್ರಮಕ್ಕೆ ಸೇರಿಸುವುದೇ ಪಾಪವೆಂದು ನಾವು ಹೇಳುತ್ತಿಲ್ಲ. ಮೂಳೆ ಮುರಿದವರನ್ನು ನುರಿತವರ ಕೈಗೊಪ್ಪಿಸುವುದು ಕೆಲವೊಮ್ಮೆ ಮನೆಯಲ್ಲಿ ಒಂಟಿಯಾಗಿ ಮಲಗಿಸುವುದಕ್ಕಿಂತ ಮೇಲು. ತಂದೆ ತಾಯಿ ನಿಮ್ಮ ಬಳಿಯಲ್ಲಿ ವೃದ್ಧಾಪ್ಯವನ್ನು ತಲಪಿದರೆ ಅವರ ಮುಂದೆ ಛೆ ಎಂದು ಕೂಡ ಹೇಳಬಾರದೆಂದು ಬನೀ ಇಸ್ರಾಈಲ್ ಅಧ್ಯಾಯದ 23ನೇ ವಚನ ಆದೇಶಿಸುತ್ತದೆ. ತಂದೆ ತಾಯಿಯ ಕುರಿತಾದ ಆ ಪಾಠ ಅವರ ಒಡಹುಟ್ಟಿದವರ ವಿಷಯದಲ್ಲೂ ನಮಗೆ ದಾರಿದೀಪವಾಗಬೇಕು. ಆ ವಚನದ 'ಬಳಿಯಲ್ಲಿ' ಎಂಬ ಮಾತು ನಮ್ಮನ್ನು ತುಂಬ ಕಾಡಿದೆ. ಒಂದೇ ಸೂರಿನಡಿಯಿದ್ದೂ ನಾವು ಅವರ ಬಳಿ ಇಲ್ಲದಿರಬಹುದು. ಮೂವತ್ತು ಕಿಲೋಮೀಟರ್ ದೂರವಿದ್ದೂ ಇರಬಹುದು. ಆದರೆ ವರ್ಷಕ್ಕೊಮ್ಮೆ ಕೇಕ್ ಕತ್ತರಿಸಲು ಹೋಗುವವರು ಆ ಎರಡನೆಯ ಗುಂಪಿಗೆ ಸೇರಲಾರರು. ಅವರ ಹಕ್ಕನ್ನು ಹಿಡಿದಿಟ್ಟುಕೊಂಡವರಂತೂ ಎಷ್ಟು ಸಲ ಹೋದರೂ ಸೇರಲಾರರು.

ಮೂರನೆಯ ವರ್ಷ ನಾವು ಫೂಫಿಯ ಕೈಗೆ ಒಂದು ಬ್ಯಾಂಕ್ ಪಾಸ್‌ಬುಕ್ ಕೊಟ್ಟೆವು. ಅಂಗಡಿಯ ಬಾಡಿಗೆಯ ಮೂರನೆಯ ಒಂದು ಭಾಗ ಈಗ ಅವರ ಖಾತೆಗೆ ನೇರವಾಗಿ ಹೋಗುತ್ತದೆ. ಆಶ್ರಮದ ಶುಲ್ಕವನ್ನು ನಾವೇ ಕಟ್ಟುತ್ತೇವೆ. ಮನೆಯ ಪಾಲಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಗಲ್ಫ್‌ನಲ್ಲಿರುವ ತಮ್ಮ ಸಮಯ ಕೇಳಿದ್ದಾನೆ. ಅವನನ್ನು ಒಪ್ಪಿಸುವ ಪ್ರಯತ್ನ ನಡೆದಿದೆ. ಈ ವಿಷಯವನ್ನು ಮಾತನಾಡಲು ಸೇರಿದ್ದ ದಿನ ನಮ್ಮ ತಂಗಿ ಬಹಳ ಹೊತ್ತು ಸುಮ್ಮನಿದ್ದು ಬಳಿಕ, "ಭಾಯಿ, ಫೂಫಿಯದನ್ನು ಮಾತ್ರ ಲೆಕ್ಕ ಹಾಕುತ್ತಿದ್ದೀರಾ?" ಎಂದು ಕೇಳಿದಳು. ಅಬ್ಬಾ ತೀರಿಕೊಂಡು ಹನ್ನೊಂದು ವರ್ಷಗಳಾಗಿವೆ. ಆಕೆಯ ಪಾಲೂ ನಮ್ಮ ಬಳಿಯೇ ಇದೆ. ಈಗ ನಾವು ಎರಡು ಲೆಕ್ಕಗಳನ್ನು ಬರೆಯುತ್ತಿದ್ದೇವೆ.

ಪಾಸ್‌ಬುಕ್ ಪಡೆದ ದಿನ ಫೂಫಿ ಅಳಲಿಲ್ಲ, ದುವಾ ಮಾಡಲೂ ಇಲ್ಲ. ಮೊತ್ತವನ್ನು ಎರಡು ಸಲ ಓದಿಸಿ ಕೇಳಿಕೊಂಡರು. ಮುಂದಿನ ಈದ್‌ಗೆ ಮೊದಲು ಐವತ್ತು ರೂಪಾಯಿಗಳ ಹೊಸ ನೋಟಿನ ಒಂದು ಕಟ್ಟು ತಂದುಕೊಡುವಂತೆ ಹೇಳಿದರು. ಈದ್‌ನ ದಿನ ಹೋದಾಗ ಅವರು ಗಾಲಿಕುರ್ಚಿಯಲ್ಲಿ ಕುಳಿತು ಸಹಾಯಕಿಯರಿಗೆ, ಅಡಿಗೆಯವರಿಗೆ, ಕಾವಲುಗಾರನ ಮಕ್ಕಳಿಗೆ ಈದಿ ಹಂಚುತ್ತಿದ್ದರು. ತಲೆ ನರೆತ ನಮ್ಮ ಕೈಗೂ ಒಂದು ನೋಟು ಬಂತು. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿಯಿತ್ತು. ಬಂದವರಿಗೆಲ್ಲ ಅವರೇ ಮುಚ್ಚಳ ತೆರೆದು ನೀಡುತ್ತಿದ್ದರು.

ಮುಂದಿನ ಜನವರಿ 1ಕ್ಕೆ ಏನು ತರಲಿ ಎಂದು ಈ ಸಲ ನಾವು ಮುಂಚಿತವಾಗಿಯೇ ಕೇಳಿದ್ದೇವೆ. ಖಾಲಿ ಚೀಲ ತನ್ನಿ, ನಿಮ್ಮ ಮಗಳಿಗೆಂದು ಒಂದು ಫ್ರಾಕ್ ಹೊಲಿದಿಟ್ಟಿದ್ದೇನೆ ಎಂದಿದ್ದಾರೆ.

ನಮ್ಮ ಓದುಗರಲ್ಲೂ ಅನೇಕರ ಹಿರಿಯರು ಮನೆಯ ಹಿಂದಿನ ಕೋಣೆಯಲ್ಲೋ ದೂರದ ಆಶ್ರಮದಲ್ಲೋ ಇರಬಹುದು. ಅವರಿಗಾಗಿ ಉಡುಗೊರೆ ಆರಿಸಲು ಅಂಗಡಿಗೆ ಹೊರಡುವ ಮುನ್ನ ಮನೆಯ ಹಳೆಯ ಕಾಗದಪತ್ರಗಳ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡೋಣ. ಅದರಲ್ಲಿ ಅವರಿಗೆ ಸಲ್ಲಬೇಕಾದದ್ದೇನಾದರೂ ಇದ್ದರೆ ಮೊದಲು ಅದನ್ನು ಸಲ್ಲಿಸೋಣ. ಉಡುಗೊರೆಯ ಮಾತು ಆಮೇಲಿನದು.